ಮುನ್ನೂರ ಇಪ್ಪತ್ತೈದರ ಓಣಿ

ಎಡಗೈಯ ಎರಡು ಬೆರಳ ನಡುವೆ ಹಿಡಿದ ಎಳೆ ಕೆಂಪೋ ಕಪ್ಪೋ ಶಿವಬಸವ್ವನಿಗೆ ತಿಳಿಯಲಿಲ್ಲ. ನೆಲ ತೋಡಿ ಕೂರಿಸಿದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಸೀರೆಯ ಒಡಲಿನ ಉದ್ದನೆಯ ಹಾಸೆಳೆಗಳಿಗೆ ಸೆರಗಿನ ಹಾಸೆಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಒಡಲು ಕಪ್ಪು ನೂಲು, ಸೆರಗು ಕೆಂಪು ರೇಷ್ಮೆ. ಹಗಲಿನಲ್ಲಾದರೆ ಕೂಸಿಗೂ ತಿಳಿಯುವ ವ್ಯತ್ಯಾಸ. ಆದರೆ ಹಗಲು ಅವಳದಾಗಿರಲಿಲ್ಲ. ರೊಟ್ಟಿ, ನೀರು, ಎಮ್ಮೆ ಎಲ್ಲ ಮುಗಿದು ಮಗ್ಗಕ್ಕೆ ಇಳಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ತಲೆಯ ಮೇಲೊಂದು ಬಲ್ಬು ಇತ್ತು, ನಿಜ. ಅದು ಉರಿಯುತ್ತಿದೆಯೋ ಇಲ್ಲವೋ ನೋಡಬೇಕೆಂದರೆ ಕಂದೀಲು ಹಿಡಿದು ಹೋಗಬೇಕಾಗಿತ್ತು.

ಹೋದ ಸೀರೆಯಲ್ಲಿ ಎರಡು ಕೊಂಡಿ ತಪ್ಪಿದ್ದವು. ಮಗ್ಗ, ನೂಲು ಎರಡೂ ಅಮಾತೆಪ್ಪ ಸಾವ್ಕಾರನವು. ನೇಯ್ಗೆ ಮಾತ್ರ ಇವಳದು. ಸಾವ್ಕಾರ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಗದರಲಿಲ್ಲ. ಗದರಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಕಣ್ಣು ಹ್ವಾದುವು ತಂಗಿ. ವಯಸ್ಸು ಯಾರನ್ನೂ ಬಿಡೂದಿಲ್ಲ. ಇದೊಂದು ಸೀರಿ ನೋಡೋಣು. ಇದೂ ಹಂಗ ಆತಂದ್ರ, ಮಗ್ಗ ಸಿದ್ದವ್ವನ ಮನಿಗೆ ಹಾಕಸ್ತೇನಿ. ನೀನೂ ಎಷ್ಟಂತ ದುಡೀತಿ?"

ಸಿದ್ದವ್ವ ಎದುರು ಮನೆಯವಳು. ವಯಸ್ಸು ಸಣ್ಣದು, ಕಣ್ಣು ಚುರುಕು. ಶಿವಬಸವ್ವ ಹನ್ನೆರಡು ತುಂಬುವ ಮೊದಲೇ ಕೊಂಡಿ ಹಾಕಲು ಕಲಿತವಳು. ಆ ಮಗ್ಗದ ಕುಣಿ ಬಿಟ್ಟರೆ ಇಡೀ ಮನೆಯಲ್ಲಿ ತನ್ನದೆಂದು ಕೂರಲು ಅವಳಿಗೆ ಬೇರೆ ಜಾಗ ಇರಲಿಲ್ಲ. ಅದನ್ನು ಸಾವ್ಕಾರನಿಗೆ ಹೇಳುವಂತಿರಲಿಲ್ಲ. ಆದ್ದರಿಂದ ಗಂಡನಿಗೆ ಇನ್ನೊಂದು ಮಾತು ಹೇಳಿದಳು.

"ಅಲ್ರಿ, ಈ ಬಲ್ಬಿಂದು ಏನರೆ ಮಾಡ್ರಿ."

ಹೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಈರಪ್ಪ ಕೈಮಗ್ಗ ಸಂಘದಲ್ಲಿ ಗುಮಾಸ್ತ. ಅವನಿಗೆ ಬಲ್ಬು ಬದಲಿಸುವಂಥ ಸಣ್ಣ ಕೆಲಸ ಒಗ್ಗುತ್ತಿರಲಿಲ್ಲ. ಏನೇ ಆಗಲಿ ಮೂಲಕ್ಕೆ ಹೋಗಬೇಕು ಎನ್ನುವ ಮನುಷ್ಯ. ಹೋದವನು ಅಲ್ಲಿಂದ ವಾಪಸು ಬಂದ ಉದಾಹರಣೆ ಮಾತ್ರ ಇಲ್ಲ. ಸಂಘದ ಕೆಲಸಕ್ಕೆಂದು ಬಾಗಲಕೋಟೆಗೆ ಹೋದವನು ಸಂಜೆಯ ಬಸ್ಸಿಗೆ ಒಂದು ಡಬ್ಬಿ ಹಿಡಿದುಕೊಂಡು ಇಳಿದ. ಕರಿ ಡಬ್ಬಿ, ಮೇಲೆ ಗಾಜು, ಒಳಗೊಂದು ಮುಳ್ಳು, ಸೊನ್ನೆಯಿಂದ ಮುನ್ನೂರರ ತನಕ ಅಂಕಿ. ಮುಚ್ಚಿಹೋದ ಯಾವುದೋ ಟೂರಿಂಗ್ ಟಾಕೀಸಿನವರು ತಮ್ಮ ಡೈನಮೋದ ಸಾಮಾನು ಮಾರುತ್ತಿದ್ದರಂತೆ.

"ವೋಲ್ಟ ಮೀಟರ್," ಎಂದ. "ಇನ್ನ ಮ್ಯಾಲೆ ಬಾಯಿಮಾತಿಲ್ಲ. ಪುರಾವೆ."

ಪುರಾವೆ ನೋಡಲು ಓಣಿಯ ಜನ ಸೇರಿದರು. ಪಕ್ಕದ ಮನೆಯ ಬಿಬಿಜಾನ ಕೈಯಲ್ಲಿದ್ದ ಕಂಡಿಕೆ ಸುತ್ತುವ ರಾಟೆಯನ್ನೂ ಬಿಡದೆ ಎತ್ತಿಕೊಂಡು ಬಂದಳು. ಪ್ಲಗ್ಗು ಇದ್ದದ್ದು ಮಗ್ಗದ ಪಕ್ಕದ ಗೋಡೆಯಲ್ಲಿ. ಎಲ್ಲರಿಗೂ ಕಾಣಲೆಂದು ಶಿವಬಸವ್ವ ಕುಣಿಯಿಂದ ಎದ್ದು ಆಚೆ ನಿಂತಳು. ಈರಪ್ಪ ಎರಡು ವಯರು ಸಿಗಿಸಿದ. ಮುಳ್ಳು ಚಳಿ ಹತ್ತಿದವರಂತೆ ಒಂದಿಷ್ಟು ನಡುಗಿತು. ಸೊನ್ನೆ ಬಿಟ್ಟು ಕದಲಲಿಲ್ಲ.

ಈರಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಮತ್ತೆ ಸೊನ್ನೆ. ತಿರುಗಿ ನಿಂತು, ಸಂಘದ ವಾರ್ಷಿಕ ಸಭೆಯಲ್ಲಿ ವರದಿ ಓದುವ ದನಿಯಲ್ಲಿ ಸಾರಿದ. "ನಮ್ಮ ಓಣಿಗೆ ಕರೆಂಟ ಇಲ್ಲ."

ಬಿಬಿಜಾನ ಮೇಲೆ ನೋಡಿದಳು. "ಈರಪ್ಪಣ್ಣ, ಹಂಗಾರ ಈ ಬಲ್ಬ ಯಾತರ ಮ್ಯಾಲೆ ಉರಿಯಾಕತ್ತೇತಿ?"

"ಅದು ವಯರಿನಾಗ ಉಳಿದಿದ್ದು."

"ನಿನ್ನೀದಾ?"

"ನಿನ್ನೀದೂ ಇರಬಹುದು, ಮೊನ್ನೀದೂ ಇರಬಹುದು. ಮೀಟರ್ ಸುಳ್ಳು ಹೇಳೂದಿಲ್ಲ ಬಿಬಿಜಾನ. ಸೊನ್ನಿ ಅಂದ್ರ ಸೊನ್ನಿ. ಬೇಕಾರ ನೋಡು."

ನೋಡು ಎಂದವನು ತಾನೇ ಬೆರಳಿಟ್ಟ. ಮುಂದಿನದ್ದನ್ನು ಓಣಿಯವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಈರಪ್ಪ ಹಿಮ್ಮುಖವಾಗಿ ಹಾರಿ, ನೇರ ಮಗ್ಗದ ಕುಣಿಯಲ್ಲಿ, ನೇಕಾರ ಕೂರುವ ಜಾಗದಲ್ಲೇ, ನೇಕಾರ ಕೂರುವಂತೆಯೇ ಕೂತ ಎಂಬ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಮೂವತ್ತು ವರ್ಷ ಕೈಮಗ್ಗ ಸಂಘದ ಲೆಕ್ಕ ಬರೆದವನು ಮಗ್ಗದಲ್ಲಿ ಕೂತದ್ದು ಅದೇ ಮೊದಲು.

ಶಿವಬಸವ್ವ ಮೊದಲು ಸೀರೆ ನೋಡಿದಳು. ಒಂದೆಳೆಯೂ ಹರಿದಿರಲಿಲ್ಲ. ಆಮೇಲೆ ಗಂಡನನ್ನು ನೋಡಿದಳು. ಅವನಿಗೂ ಏನೂ ಆಗಿರಲಿಲ್ಲ, ಕೂದಲು ಮಾತ್ರ ನಿಂತಿತ್ತು. ಅವಳು ಯಾವುದನ್ನು ಮೊದಲು ನೋಡಿದಳು ಎಂಬುದನ್ನು ಬಿಬಿಜಾನ ಗಮನಿಸಿದಳು. ಬಾಯಲ್ಲಿ ಮಾತ್ರ ಬೇರೇನೋ ಅಂದಳು.

"ಹೆಂಗೂ ಕುಂತೀರಿ, ಎರಡೆಳಿ ನೇಯ್ರಿ ಅಣ್ಣಾರ."

ಮರುದಿನ ಈರಪ್ಪ ಹುನಗುಂದದ ಕರೆಂಟಿನ ಆಫೀಸಿಗೆ ಅರ್ಜಿ ಬರೆದುಕೊಂಡು ಹೋದ. ಓಣಿಗೆ ಬರುತ್ತಿರುವ ವೋಲ್ಟು ಸೊನ್ನೆ, ಆದರೆ ಮನುಷ್ಯರನ್ನು ಹೊಡೆಯುತ್ತಿದೆ, ಎರಡರಲ್ಲಿ ಒಂದನ್ನಾದರೂ ಸರಿಪಡಿಸಬೇಕು ಎಂಬುದು ಅದರ ಸಾರಾಂಶ. ಅಲ್ಲಿ ಹೊಸದಾಗಿ ಬಂದ ಇಂಜಿನಿಯರು ಮೈಸೂರು ಕಡೆಯವರು, ಸಣ್ಣ ವಯಸ್ಸು, ತಾಳ್ಮೆ ಇನ್ನೂ ಖರ್ಚಾಗಿರಲಿಲ್ಲ. ಕೂರಿಸಿಕೊಂಡು ಪಾಠ ಹೇಳಿದರು. ಆ ಪಾಠವನ್ನು ಈರಪ್ಪ ಸಂಜೆ ಒಲೆಯ ಮುಂದೆ ಕೂತು ಹೆಂಡತಿಗೆ ಒಪ್ಪಿಸಿದ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಕೇಳಿಲ್ಲಿ. ಡೈನಮೋದ ಕರೆಂಟ ಒಂದ ದಿಕ್ಕಿಗೆ ಹೊಕ್ಕೈತಿ. ನಮ್ಮ ಮನಿ ಕರೆಂಟ ಹಂಗಲ್ಲ. ಆಕಡೆ ಹೊಕ್ಕೈತಿ, ಈಕಡೆ ಬರತೈತಿ. ಸೆಕೆಂಡಿಗೆ ಐವತ್ತ ಸಲ ಹೋಗಿ ಬರತೈತಿ. ಹೋಗಿದ್ದು ಬಂದಿದ್ದು ಕೂಡಿಸಿದ್ರ ಸೊನ್ನಿ. ನನ್ನ ಮೀಟರ್ ಡೈನಮೋದ್ದು, ಅದಕ್ಕ ಅಷ್ಟ ತಿಳೀತೈತಿ. ಮೀಟರಿಂದು ತಪ್ಪಿಲ್ಲ."

"ನಿಮ್ಮದೂ ತಪ್ಪಿಲ್ಲ."

"ನಂದೂ ಇಲ್ಲ. ಆ ಸಾಹೇಬ ಏನಂದ ಗೊತ್ತೈತೇನು? ನೀವು ಇಳಕಲ್ಲಿನವರು, ಲಾಳಿ ನೆನಸಿಕೊಳ್ಳಿ ಅಂದ. ಲಾಳಿ ಬಲಕ್ಕೆ ಹೋಗುತ್ತೆ, ಎಡಕ್ಕೆ ಬರುತ್ತೆ, ಕೊನೆಗೆ ಇದ್ದಲ್ಲೇ ಇರುತ್ತೆ, ಹಾಗಂತ ಬಟ್ಟೆ ಬೆಳೆಯಲ್ವೆ ಅಂದ. ಮೈಸೂರ ಕಡಿಯಾಂವ ನಮಗ ಲಾಳಿ ಕಲಸಾಕ ಬಂದಾನ! ನಾ ಅಂದೆ, ಸಾಹೇಬ್ರ, ಲಾಳಿ ಸುದ್ದಿ ಬಿಡ್ರಿ, ಸಾಯನ್ಸ್ ಹೇಳ್ರಿ."

ಶಿವಬಸವ್ವನ ಕೈಯಲ್ಲಿ ರೊಟ್ಟಿ ಒಂದು ಕ್ಷಣ ನಿಂತಿತು. ಲಾಳಿಯ ಮಾತು ಅವಳಿಗೆ ಸರಿ ಕಂಡಿತು. ಹೋಗುವಾಗಲೂ ನೇಯುತ್ತದೆ, ಬರುವಾಗಲೂ ನೇಯುತ್ತದೆ. ಎರಡೂ ಸಲ ಎಳೆ ಬೀಳುತ್ತದೆ. ಎರಡನ್ನೂ ಕಳೆದು ಸೊನ್ನೆ ಮಾಡುವವನು ಮಗ್ಗದ ಹತ್ತಿರ ಕೂರದವನೇ ಆಗಿರಬೇಕು.

"ಆಮ್ಯಾಲ ಸಾಯನ್ಸ್ ಹೇಳಿದ," ಈರಪ್ಪ ಮುಂದುವರಿಸಿದ. "ಒಂದ ದಿಕ್ಕಿನ ಕರೆಂಟ ಒಂದು ಬಲ್ಬನ್ನ ಎಷ್ಟು ಕಾಯಿಸ್ತೈತಿ, ಈ ಹೋಗಿ ಬರೂದೂ ಅಷ್ಟ ಕಾಯಿಸಿದ್ರ, ಅದಕ್ಕೂ ಅಷ್ಟ ವೋಲ್ಟ ಅಂತಾರ. ಇನ್ನೂರಾ ಮೂವತ್ತು ಅನ್ನೂದು ಹಂಗ ತಗದ ಲೆಕ್ಕ. ಪರಿಣಾಮದ ಬೆಲಿ. ಆಂಪಿಯರಿಗೂ ಅದ ಲೆಕ್ಕ. ಅಲ್ಲಿ ತನಕ ಖರೆ. ಆದ್ರ ನಾ ಬಿಡಲಿಲ್ಲ. ಸಾಹೇಬ್ರ, ಪೂರ್ತಿ ಮ್ಯಾಲೆ ಏರಿದಾಗ ಎಷ್ಟು ಅಂತ ಕೇಳಿದೆ. ಬಾಯಿ ತಪ್ಪಿ ಹೇಳೇ ಬಿಟ್ಟ."

"ಎಷ್ಟಂತ?"

ಈರಪ್ಪ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಮುನ್ನೂರಾ ಇಪ್ಪತ್ತೈದು."

ದನಿ ಇಳಿಸಿ ಹೇಳಿದ ಮಾತು ಇಳಕಲ್ಲಿನಲ್ಲಿ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಅದೂ ಹೋಯಿತು. ಬೆಳಗಾಗುವಷ್ಟರಲ್ಲಿ ಓಣಿಗೆಲ್ಲ ಗೊತ್ತಿತ್ತು. ಸರಕಾರ ಹೇಳುವುದು ಇನ್ನೂರ ಮೂವತ್ತು, ಕಳಿಸುವುದು ಮುನ್ನೂರ ಇಪ್ಪತ್ತೈದು, ಅದೂ ಹೋಗುವಾಗ ಐವತ್ತು, ಬರುವಾಗ ಐವತ್ತು, ಒಂದು ಸೆಕೆಂಡಿಗೆ ನೂರು ಸಲ. ಈರಪ್ಪ ಸಂಘದ ಕಟ್ಟೆಯ ಮೇಲೆ ನಿಂತು, ಕುಣಿಯಲ್ಲಿ ಬಿದ್ದ ಸಂಗತಿಗೆ ಈಗ ಹೊಸ ಅರ್ಥ ಕೊಟ್ಟ. ಇನ್ನೂರ ಮೂವತ್ತಾಗಿದ್ದರೆ ತಾನು ಅಲುಗಾಡುತ್ತಿರಲಿಲ್ಲ. ತನ್ನನ್ನು ಹೊಡೆದದ್ದು ಮೇಲಿನ ತೊಂಬತ್ತೈದು.

"ಹಿಂಗಾರ ಏನ ಮಾಡೂದು?" ಎಂದು ಜನ ಕೇಳಿದರು.

"ಸಂಜೀಕ ಹಚ್ಚಬ್ಯಾಡ್ರಿ. ನಾ ಮ್ಯಾಲೆ ಬರದೇನಿ. ತೀರ್ಮಾನ ಆಗೂತನಕ ಕಂದೀಲ ಇರಲಿ."

ಹಚ್ಚಲೇಬೇಕಾದವರು ಕೈ ಮುಟ್ಟಿಸದೆ ಕಟ್ಟಿಗೆಯ ಲಾಳಿಯಿಂದ ಸ್ವಿಚ್ಚು ಒತ್ತಿದರು. ಒಲೆಗೆ ಹೋಗಬೇಕಾಗಿದ್ದ ಹಳೆ ಲಾಳಿಗಳಿಗೆ ಬೇಡಿಕೆ ಬಂತು. ಎದುರು ಮನೆಯ ಸಿದ್ದವ್ವ ಮೇನ್ ಬೋರ್ಡಿಗೆ ವಿಭೂತಿ ಬಳಿದಳು. ಬಿಬಿಜಾನ ರೇಡಿಯೋಕ್ಕೆ ಹೊದಿಕೆ ಹೊದಿಸಿ ಮೂಲೆಯಲ್ಲಿ ಮಲಗಿಸಿದಳು. ಒಂದೆರಡು ದಿನದಲ್ಲಿ ಓಣಿಯೆಲ್ಲ ಸೀಮೆಎಣ್ಣೆಯ ವಾಸನೆ.

ಈರಪ್ಪ ಸಂಜೆ ಮನೆಯಲ್ಲಿ ಇರುತ್ತಿರಲಿಲ್ಲ. ಮನೆಮನೆಗೆ ಹೋಗಿ ಸ್ವಿಚ್ಚು ಆರಿಸಿದ್ದಾರೋ ಇಲ್ಲವೋ ನೋಡುವ ಹೊಣೆ ತಾನೇ ಹೊತ್ತಿದ್ದ. ಹೀಗಾಗಿ ತನ್ನ ಮನೆಯೊಂದನ್ನು ನೋಡುವುದು ಉಳಿದುಹೋಯಿತು. ಶಿವಬಸವ್ವ ದಿನದಂತೆ ಕುಣಿಗಿಳಿದು ಸ್ವಿಚ್ಚು ಒತ್ತಿದಳು. ಹೆದರಿಕೆ ಇರಲಿಲ್ಲ ಎಂದಲ್ಲ. ಮಗ್ಗ ಹೋಗುವ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಬಲ್ಬು ಬೆಳ್ಳಗೆ ಉರಿಯಿತು.

ಅವಳು ಕಣ್ಣು ಮುಚ್ಚಿ ತೆರೆದಳು. ಮಗ್ಗದ ಮೇಲೆ ಹರಡಿದ ಎಳೆಗಳು ಒಂದೊಂದೂ ಬೇರೆ ಬೇರೆ ನಿಂತಿದ್ದವು. ಕೆಂಪು ಕೆಂಪಾಗಿತ್ತು. ಕಪ್ಪು ಕಪ್ಪಾಗಿತ್ತು. ಕಪ್ಪಿನ ಒಳಗೆ ನೀಲಿಯ ಛಾಯೆ ಇರುವುದೂ ಕಂಡಿತು. ಬಣ್ಣದವನು ಯಾವಾಗಲೂ ಹಾಗೆ ಅದ್ದುತ್ತಾನೆಂದು ಮರೆತೇ ಹೋಗಿತ್ತು. ಕೊಂಡಿ ಒಂದರ ಹಿಂದೊಂದು ಬಿದ್ದವು. ಬಹಳ ಹೊತ್ತಿನ ಮೇಲೆ ಕೈ ನಿಲ್ಲಿಸಿ, ಬೆರಳಿನಿಂದ ರೆಪ್ಪೆ ಮುಟ್ಟಿ ನೋಡಿಕೊಂಡಳು. ಕಣ್ಣು ಹೋಗಿರಲಿಲ್ಲ. ಕಣ್ಣು ಇದ್ದಲ್ಲೇ ಇತ್ತು. ಬೆಳಕು ಹೋಗಿತ್ತು, ಅಷ್ಟೇ. ಇದನ್ನು ಯಾರಿಗಾದರೂ ಹೇಳಬೇಕೆಂದು ಬಾಗಿಲ ತನಕ ಎದ್ದು ಬಂದಳು. ಓಣಿ ಕತ್ತಲಲ್ಲಿತ್ತು. ಅವಳ ಹೊಸ್ತಿಲಿನಿಂದ ಆಚೆ ಬಿದ್ದ ಬೆಳಕು ಮಾತ್ರ ಎದುರು ಕಟ್ಟೆಯನ್ನು ಮುಟ್ಟಿತ್ತು. ಬಾಗಿಲು ಮುಂದೆ ಮಾಡಿಕೊಂಡು ತಿರುಗಿ ಬಂದಳು.

ಹೀಗೆ ಕೆಲವು ಸಂಜೆ ನಡೆಯಿತು. ಕೊಂಡಿ ಕೂಡಿಸಿ ಮುಗಿಯಿತು. ಸೆರಗಿನಲ್ಲಿ ಬಿಳಿ ತೆನೆಯ ಚಿತ್ತಾರಗಳು ಏಳತೊಡಗಿದವು, ಒಂದೂ ತಪ್ಪಿಲ್ಲದೆ. ಇನ್ನು ಅರ್ಧ ಸೆರಗು ಉಳಿಯಿತು. ಸಾವ್ಕಾರ ಅಮಾವಾಸ್ಯೆ ಕಳೆದು ಬರುತ್ತೇನೆಂದಿದ್ದ.

ಅಷ್ಟರಲ್ಲಿ ಈರಪ್ಪನ ಅರ್ಜಿಗೆ ಫಲ ಬಂತು. ಒಂದು ಸಂಜೆ ಲೈನ್‌ಮನ್ ಯಮನಪ್ಪನನ್ನು ಕರೆದುಕೊಂಡು ಇಂಜಿನಿಯರು ಸ್ವತಃ ಬಂದರು. ಕೈಯಲ್ಲಿ ಅವರದೇ ಮೀಟರು. ಇಂಥ ಫಲವನ್ನು ಈರಪ್ಪ ನಿರೀಕ್ಷಿಸಿರಲಿಲ್ಲ. ಅರ್ಜಿ ಬರೆದವರಾರೂ ನಿರೀಕ್ಷಿಸುವುದಿಲ್ಲ. ಆದರೂ ಸಾವರಿಸಿಕೊಂಡು ಅವರನ್ನು ತನ್ನ ಮನೆಯ ಪ್ಲಗ್ಗಿಗೆ ಕರೆತಂದ. ಹಿಂದೆ ಓಣಿ.

ಮೀಟರಿನ ಮುಳ್ಳು ನೆಟ್ಟಗೆ ಇನ್ನೂರ ಮೂವತ್ತಕ್ಕೆ ಹೋಗಿ ನಿಂತಿತು.

"ಈರಪ್ಪನವರೇ, ಒಂದು ವೋಲ್ಟೂ ಕಡಿಮೆ ಇಲ್ಲ," ಎಂದರು ಇಂಜಿನಿಯರು. "ಬಲ್ಬು ನೋಡಿ, ಎಷ್ಟು ಚೆನ್ನಾಗಿದೆ. ಇನ್ನೇನು ದೂರು ನಿಮ್ಮದು?"

ಈರಪ್ಪ ಬಲ್ಬು ನೋಡಿದ. ಹೆಂಡತಿಯನ್ನು ನೋಡಿದ. ತನ್ನ ಮನೆಯಲ್ಲೇ ಆಜ್ಞೆ ಮುರಿದದ್ದು ಅವನಿಗೆ ಆಗ ತಿಳಿಯಿತು.

ಯಮನಪ್ಪ ಬಾಗಿಲಾಚೆ ಇಣುಕಿ, "ಸಾಹೇಬ್ರ, ಓಣಿ ತುಂಬ ಕತ್ತಲಿ ಐತ್ರಿ," ಎಂದ.

"ಯಾಕೆ? ಯಾರೂ ದೀಪ ಹಾಕಿಲ್ಲವೇಕೆ?"

ಎಲ್ಲರೂ ಈರಪ್ಪನ ಮುಖ ನೋಡಿದರು. ಈರಪ್ಪ ಸೂರು ನೋಡಿದ. ಬಿಬಿಜಾನ ಮುಂದೆ ಬಂದಳು.

"ಹೆಂಗ ಹಚ್ಚೂದ್ರಿ ಸಾಹೇಬ್ರ? ಮುನ್ನೂರಾ ಇಪ್ಪತ್ತೈದು ಬರತೈತ್ಯಂತ. ಸೆಕೆಂಡಿಗೆ ನೂರ ಸಲ. ನಾವೇನು ಮಂದಿ ಅಲ್ಲೇನ್ರಿ?"

ಇಂಜಿನಿಯರು ನಗಲಿಲ್ಲ. ಅದಕ್ಕಾಗಿ ಓಣಿಯವರು ಅವರನ್ನು ಬಹಳ ದಿನ ನೆನೆದರು. "ನೋಡಿ ತಾಯಿ, ಅದು ತುದಿ. ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ ಏರಿ ಎಷ್ಟೋ ಸಲ ಇಳಿದಿರುತ್ತದೆ. ಓಣಿಗೆ ಕರೆಂಟು ಬಂದ ಮೊದಲ ದಿನದಿಂದಲೂ ಅದು ಹಾಗೇ ಬರುತ್ತಿದೆ. ಬಲ್ಬಿಗೆ, ರೇಡಿಯೋಗೆ, ಕೆಲಸಕ್ಕೆ ಸಿಗುವುದು ಈ ಮುಳ್ಳು ತೋರಿಸುವ ಇನ್ನೂರ ಮೂವತ್ತು. ಮುಟ್ಟಬಾರದ್ದು ಎರಡೂ. ಹಚ್ಚಬಹುದಾದದ್ದು ಎರಡೂ."

"ಮತ್ತ ಮೊದಲ ಯಾಕ ಮಿಣಮಿಣ ಉರೀತಿತ್ತು?" ಸಿದ್ದವ್ವ ಹಿಂದಿನಿಂದ ಕೇಳಿದಳು.

"ಓಣಿಗೆ ಬಂದ ವಯರು ಸಣ್ಣದು, ಹಳೆಯದು. ಎಲ್ಲರೂ ಒಟ್ಟಿಗೆ ಹಚ್ಚಿದಾಗ ಕರೆಂಟು ಹೆಚ್ಚು ಎಳೆಯುತ್ತೀರಿ, ದಾರಿಯಲ್ಲೇ ವೋಲ್ಟು ಸೋರಿ ಹೋಗುತ್ತದೆ. ವೋಲ್ಟು ಅರ್ಧವಾದರೆ ಬಲ್ಬಿನ ಕಾವು ಅರ್ಧವಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತೆ. ಬೆಳಕು ಇನ್ನೂ ಕಡಿಮೆ." ಗಡಿಯಾರ ನೋಡಿದರು. "ಈಗ ಎಲ್ಲರೂ ಹಚ್ಚಿ. ಮುಳ್ಳು ಇಳಿಯುವುದನ್ನು ನಾನು ಕಣ್ಣಾರೆ ನೋಡಿದರೆ ದಪ್ಪ ವಯರಿಗೆ ಬರೆಯುತ್ತೇನೆ. ಇಲ್ಲದಿದ್ದರೆ ಕಂಡದ್ದನ್ನೇ ಬರೆಯಬೇಕು, ಎಲ್ಲ ಸರಿಯಾಗಿದೆ ಅಂತ. ಕಡೆಯ ಬಸ್ಸು ಬಿಡುವುದರೊಳಗೆ ಹೇಳಿ."

ಯಾರೂ ಕದಲಲಿಲ್ಲ. ಸಾಹೇಬರ ಮಾತು ಸರಿ ಇರಬಹುದು. ಈರಪ್ಪ ಕುಣಿಯಲ್ಲಿ ಬಿದ್ದದ್ದನ್ನು ಮಾತ್ರ ಕಣ್ಣಿಂದ ನೋಡಿದ್ದರು.

"ನೀ ಹಚ್ಚು." "ನಿಮ್ಮ ಮನೀದು ಹಚ್ಚಲಿ ಮೊದಲ." "ನಮ್ಮ ಲಾಳಿ ಒಡದೈತಿ." ಹೀಗೆ ಮಾತು ಸುತ್ತುತ್ತಿರುವಾಗ ಬಿಬಿಜಾನಳ ಕಣ್ಣು ತಲೆಯ ಮೇಲಿನ ಬಲ್ಬಿನಿಂದ ಶಿವಬಸವ್ವನಿಗೆ ಇಳಿಯಿತು.

"ಅಕ್ಕಾ, ನೀ ದಿನಾ ಹಚ್ಚತೀಯಲ್ಲ. ಬಾಗಿಲ ಸಂದಿಯಾಗ ನಾ ನೋಡೇನಿ. ನಿನಗೇನರೆ ಆತೇನು?"

ಎಲ್ಲರೂ ಅವಳ ಕಡೆ ತಿರುಗಿದರು. ಶಿವಬಸವ್ವ ಸೆರಗನ್ನು ನೋಡಿದಳು, ಮಗ್ಗದ ಮೇಲಿನದನ್ನು. ಇನ್ನರ್ಧ. "ನನಗ ಗೊತ್ತಿಲ್ಲವ್ವ, ಮೈ ಜುಮ್ಮಂತೈತಿ" ಎಂದರೆ ಸಾಕಿತ್ತು. ಓಣಿ ಕತ್ತಲಲ್ಲೇ ಉಳಿಯುತ್ತಿತ್ತು, ಸೆರಗು ಮುಗಿಯುತ್ತಿತ್ತು. ಅಂಥ ಮಾತು ನಾಲಿಗೆಯ ತನಕ ಬಂದಿತ್ತು ಕೂಡ. ಅದೇ ಹೊತ್ತಿಗೆ ಸಿದ್ದವ್ವ ಕಣ್ಣು ಕಿರಿದು ಮಾಡಿಕೊಂಡು ಆ ಬೆಳಕಿನಲ್ಲಿ ನಿಂತಿದ್ದಳು. ಕಂದೀಲಿನ ಹೊಗೆಗೆ ಅವಳ ಕಣ್ಣೂ ಕೆಂಪಾಗಿದ್ದವು.

"ಏನೂ ಆಗಿಲ್ಲ," ಎಂದಳು ಶಿವಬಸವ್ವ. "ಹಚ್ಚ್ರಿ. ಕೈಲೆ ಹಚ್ಚ್ರಿ, ಲಾಳಿ ಯಾಕ ಬೇಕು?"

ಮೊದಲು ಬಿಬಿಜಾನಳ ಮನೆ. ಆಮೇಲೆ ಸಿದ್ದವ್ವನದು. ಆಮೇಲೆ ಸಾಲಾಗಿ ಇಡೀ ಓಣಿ. ಯಮನಪ್ಪ ಮುಳ್ಳಿನ ಮೇಲೆ ಕಣ್ಣಿಟ್ಟು ಕೂಗತೊಡಗಿದ. "ಇನ್ನೂರಾ ಹತ್ತು! ನೂರಾ ತೊಂಬತ್ತು! ನೂರಾ ಎಪ್ಪತ್ತು!" ಪ್ರತಿ ಅಂಕಿಗೂ ಓಣಿಯಲ್ಲಿ ಕೇಕೆ ಎದ್ದಿತು. ತಮ್ಮ ಮನೆಯ ದೀಪ ಮಂಕಾದುದಕ್ಕೆ ಜನ ಚಪ್ಪಾಳೆ ತಟ್ಟಿದ್ದನ್ನು ಆ ಊರು ಆವರೆಗೆ ಕಂಡಿರಲಿಲ್ಲ. ನೂರ ಐವತ್ತಕ್ಕೆ ಮುಳ್ಳು ನಿಂತಾಗ ಈರಪ್ಪ ಹೊಸ್ತಿಲ ಮೇಲೆ ನಿಂತು ಎರಡೂ ಕೈ ಎತ್ತಿದ.

"ನಾ ಹೇಳಿರಲಿಲ್ಲೇನು? ಕರೆಂಟ ಇಲ್ಲ!"

"ಸೊನ್ನಿ ಅಂದಿದ್ರಿ," ಎಂದಳು ಬಿಬಿಜಾನ.

"ಸೊನ್ನಿ ಕಡೆ ಹೊಂಟಿದ್ದು ಖರೆ ಹೌದಲ್ಲ?"

ಇಂಜಿನಿಯರು ಬರೆದುಕೊಂಡರು. ಮಂಜೂರಾಗಿ ವಯರು ಬರಲು ಬೇಸಿಗೆಯಾದೀತು ಎಂದು ಹೇಳಿ ಬಸ್ಸಿಗೆ ಓಡಿದರು. ಜನ ಈರಪ್ಪನನ್ನು ಸುತ್ತುವರಿದು ಕಟ್ಟೆಯ ಕಡೆ ಕರೆದುಕೊಂಡು ಹೋದರು. ಮನೆ ಖಾಲಿಯಾಯಿತು.

ಶಿವಬಸವ್ವ ಕುಣಿಗಿಳಿದು ಕೂತಳು. ತಲೆಯ ಮೇಲೆ ಬಲ್ಬು ಮತ್ತೆ ಕೆಂಡದಂತೆ ಮಂಕಾಗಿತ್ತು. ಸೆರಗಿನ ತೆನೆ ಕೆಂಪಿನಲ್ಲಿ ಕರಗಿ ಹೋಗಿದ್ದವು. ಬೇಸಿಗೆ ದೂರ, ಅಮಾವಾಸ್ಯೆ ಹತ್ತಿರ. ಲಾಳಿ ಮುಟ್ಟದೆ ಸುಮ್ಮನೆ ಕೂತು ಓಣಿಯ ಸಪ್ಪಳ ಕೇಳಿದಳು. ಬಿಬಿಜಾನಳ ರೇಡಿಯೋ ಎಷ್ಟೋ ದಿನದ ಮೇಲೆ ಹಾಡುತ್ತಿತ್ತು. ಸಿದ್ದವ್ವ ಯಾರನ್ನೋ ಊಟಕ್ಕೆ ಕರೆಯುತ್ತಿದ್ದಳು. ಎಲ್ಲರೂ ತಮ್ಮ ತಮ್ಮ ಪಾಲಿನ ಕರೆಂಟು ಎಳೆದುಕೊಳ್ಳುತ್ತಿದ್ದರು. ಉಂಡು, ಮಾತಾಡಿ, ಒಬ್ಬೊಬ್ಬರೇ ಆರಿಸುತ್ತಾರೆ. ಆರಿಸಿ ಮಲಗುತ್ತಾರೆ. ಮಲಗಿದವರು ಕೋಳಿ ಕೂಗುವ ತನಕ ಏಳುವುದಿಲ್ಲ.

ಮಲಗಿದವರು ಏನನ್ನೂ ಎಳೆಯುವುದಿಲ್ಲ.

ಅವಳು ತಲೆ ಎತ್ತಿ ಬಲ್ಬು ನೋಡಿದಳು. ಕೋಳಿಗಿಂತ ಮುಂಚೆ ಎದ್ದರೆ ಇನ್ನೂರ ಮೂವತ್ತೂ ತನ್ನೊಬ್ಬಳದು. ಮಗ್ಗದ ಸಪ್ಪಳಕ್ಕೆ ಎಚ್ಚರಾಗುವವರು ಆ ಓಣಿಯಲ್ಲಿ ಇರಲಿಲ್ಲ. ಸಪ್ಪಳ ನಿಂತರೆ ಎದ್ದಾರು.

ಈರಪ್ಪ ಕೊರಳಲ್ಲಿ ಒಂದು ಹೂವಿನ ಹಾರ ಹಾಕಿಸಿಕೊಂಡು ಒಳಗೆ ಬಂದ. ಹೆಂಡತಿ ಕೈಕಟ್ಟಿ ಕೂತದ್ದು ಕಂಡು ಕೇಳಿದ. "ಏನ ವಿಚಾರ ಮಾಡಾಕತ್ತೀ?"

"ಏನಿಲ್ಲ. ನಾಳಿಗೆ ಹಿಟ್ಟು ಐತ್ಯೋ ಇಲ್ಲೋ ಅಂತ."

ಗಂಡನಿಗೆ ಹೇಳಿದರೆ ಮೂಲಕ್ಕೆ ಹೋಗುತ್ತಾನೆ. ಬಿಬಿಜಾನಳಿಗೆ ಹೇಳಿದರೆ ಓಣಿಗೆ ಹೇಳಿದಂತೆ. ಓಣಿಯೆಲ್ಲ ಕೋಳಿಗಿಂತ ಮುಂಚೆ ಎದ್ದು ದೀಪ ಹಚ್ಚಿದರೆ, ಆ ಹೊತ್ತಿಗೂ ನೂರ ಐವತ್ತೇ. ಶಿವಬಸವ್ವ ಸೀರೆಯ ಮೇಲೆ ಬಟ್ಟೆ ಮುಚ್ಚಿ, ಸ್ವಿಚ್ಚು ಆರಿಸಿ, ಎಂದಿಗಿಂತ ಬೇಗ ಹಾಸಿಗೆ ಬಿಚ್ಚಿದಳು.